ಬೆನ್ನ ಹಿಂದೆ ಕೈ ಕಟ್ಟಿಕೊಂಡ ಮಾಸ್ತರು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ನಿನ್ನೆ ಬೆಳಿಗ್ಗೆ, ನಮ್ಮ ಶೆಡ್ಡಿನಲ್ಲೇ ಕಟ್ಟಿದ ಪುಟ್ಟ ವಿಮಾನದಲ್ಲಿ ಒಬ್ಬಳೇ ಕುಳಿತು ಮೇಲಕ್ಕೆ ಹೋದಳು, ಇಪ್ಪತ್ತೆರಡು ನಿಮಿಷ ಆಕಾಶದಲ್ಲಿದ್ದಳು, ಕೆಳಗಿಳಿದು ಬಂದಳು. ಇಳಿದು ಬಂದಳು ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ, ಏನೂ ಅಂದುಕೊಳ್ಳಬೇಡಿ. ಇಳಿದು ಬಂದಳು. ಕೈ, ಕಾಲು, ಹಲ್ಲು ಎಲ್ಲ ಇದ್ದ ಹಾಗೇ ಇವೆ. ನಾನೇ ಮುಟ್ಟಿ ನೋಡಿದ್ದೇನೆ.

ನಿನ್ನೆಯೇ ಬರೆಯಬೇಕೆಂದು ಕೂತೆ, ಒಂದು ಸಾಲೂ ನೆಟ್ಟಗೆ ಬೀಳಲಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಮೊದಲೇ ಸೊಟ್ಟ, ಅದರಲ್ಲಿ ನಿನ್ನೆಯ ಗಡಿಬಿಡಿ ಬೇರೆ. ಇವತ್ತು ಅಕ್ಷರ ಸ್ವಲ್ಪ ಹಿಡಿತಕ್ಕೆ ಬಂದಿದೆ. ಮೊಮ್ಮಗಳ ಸುದ್ದಿಯನ್ನು ನಮ್ಮೂರು ದುಂಡಸಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಬರೆಯಬೇಕೆಂದಿರುವುದು ಅವಳಿಗೆ ಕಲಿಸಿದ ಮಾಸ್ತರ ಬಗ್ಗೆ. ಬದುಕಿರುವವರನ್ನು ಹೊಗಳಿ ಬರೆದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಬರೆದು ಮುಗಿಸಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತೇನೆ, ಬಿಡಿ.

ಮಾಸ್ತರು ಎಂದರೆ ನನ್ನ ಕಣ್ಣ ಮುಂದೆ ಬರುವುದು ಅವರ ಬೆನ್ನು, ಆ ಬೆನ್ನ ಮೇಲೆ ಕಟ್ಟಿಕೊಂಡ ಎರಡು ಕೈ. ವಿಮಾನ ಹತ್ತು ಹೆಜ್ಜೆ ದೂರ ಇರುವಾಗಲೇ ಅವರ ಕೈಗಳು ತಾವಾಗಿ ಹಿಂದಕ್ಕೆ ಹೋಗುತ್ತವೆ. ತುಡುಗು ದನದ ಹಗ್ಗ ಹಿಡಿದಂತೆ ಎಡಗೈ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಹಾಗೇ ಬಗ್ಗಿ, ಕುತ್ತಿಗೆ ಮುಂದೆ ಚಾಚಿ, ಮೂಗು ತಗಡಿಗೆ ತಾಗುವಷ್ಟು ಹತ್ತಿರ ಹೋಗಿ ಒಂದೊಂದೇ ಮೊಳೆ ನೋಡುತ್ತಾರೆ. ನಾನು ಮೊದಲ ಸಲ ಶೆಡ್ಡಿಗೆ ಹೋದಾಗ ರೆಕ್ಕೆ ಸವರಲು ಕೈ ಚಾಚಿದೆ. ಅವರು ಜೋರು ಮಾಡಲಿಲ್ಲ.

"ಕಣ್ಣಿಂದ ನೋಡ್ರಿ ಅಕ್ಕಾರ, ಕೈಯಿಂದ ಬ್ಯಾಡ. ಕೈ ಮುಟ್ಟಿದ್ದು ಕೈಗೇ ನೆನಪಿರಂಗಿಲ್ಲ."

ಅವರ ಊರು ನಮ್ಮ ಹತ್ತಿರದ ಶಿಗ್ಗಾಂವಿ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ, ಆಮೇಲೆ ಬಹಳ ವರ್ಷ ಹಾರಾಟ ಕಲಿಸಿ, ವಯಸ್ಸಾದ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದರು. ಬರುವಾಗ ಲಾರಿಯಲ್ಲಿ ನಾಲ್ಕು ದೊಡ್ಡ ಕಟ್ಟಿಗೆಯ ಪೆಟ್ಟಿಗೆ ತಂದರು. ಅದರೊಳಗೆ ವಿಮಾನದ ಬಿಡಿ ಸಾಮಾನು. ಇಬ್ಬರು ಕೂರುವಂಥದ್ದು, ತಾವೇ ಜೋಡಿಸಿ ತಾವೇ ಹಾರಿಸಬೇಕೆಂದು ಆಸೆಪಟ್ಟು ಕೂಡಿಟ್ಟದ್ದು. ಜೋಡಿಸಲು ಜಾಗ ಬೇಕಿತ್ತು. ಶಿಗ್ಗಾಂವಿಯಲ್ಲಿ ನನ್ನ ಮಗನದು ಟ್ರ್ಯಾಕ್ಟರ್ ಗ್ಯಾರೇಜು, ಹಿಂದೆ ದೊಡ್ಡ ಶೆಡ್ಡು. ಮಾಸ್ತರು ಬಂದು ಕೇಳಿದಾಗ ಮಗ ನಕ್ಕನಂತೆ.

"ಸರ, ನಾ ಟ್ರ್ಯಾಕ್ಟರ್ ರಿಪೇರಿ ಮಾಡಾಂವ. ಅದು ಕೆಟ್ರ ಹೊಲದಾಗ ನಿಂದರ್ತೈತಿ. ಇದು ಕೆಟ್ರ ಎಲ್ಲಿ ನಿಂದರ್ತೈತ್ರಿ?"

"ಅದಕ್ಕ ನಿಮ್ಮಂಥಾವ್ರ ಬಾಜೂಕ ಜಾಗ ಕೇಳಾಕತ್ತೇನಿ" ಎಂದರಂತೆ ಮಾಸ್ತರು. "ಅನುಮಾನ ಇರೋ ಮಂದಿ ನನಗ ಬೇಕಾಗ್ಯಾರ."

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳು ಶೆಡ್ಡಿಗೆ ಅಂಟಿಕೊಂಡವಳು ಬಿಡಲೇ ಇಲ್ಲ. ಸರಕಾರದ ವಿದ್ಯಾರ್ಥಿವೇತನದಲ್ಲಿ ವಿಮಾನ ಹಾರಿಸುವುದನ್ನು ಕಲಿತು ಬಂದಳು, ಈಗ ದೂರದ ಒಂದು ಶಾಲೆಯಲ್ಲಿ ಬೇರೆಯವರಿಗೆ ಕಲಿಸುತ್ತಾಳೆ, ರಜೆ ಸಿಕ್ಕರೆ ಮನೆಗಿಂತ ಮೊದಲು ಶೆಡ್ಡಿಗೆ ಹೋಗುತ್ತಾಳೆ. ವಿಮಾನ ಅರ್ಧವಾಗಿದ್ದಾಗ ಮಾಸ್ತರ ಕಣ್ಣು ಪರೀಕ್ಷೆಯಲ್ಲಿ ನಪಾಸಾದವು. ಇನ್ನು ಅವರು ಹಾರಿಸುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದವರು ಅವಳಿಗೆ, "ಮುಗಸೂದೂ ನಿಂದ, ಹಾರಸೂದೂ ನಿಂದ. ಅವಸರ ಮಾಡೂದು ಮಾತ್ರ ಯಾರದೂ ಅಲ್ಲ" ಎಂದು ಹೇಳಿ, ಎಂದಿನಂತೆ ಮೊಳೆ ನೋಡಲು ಬಗ್ಗಿದರಂತೆ.

ಅಂದಿನಿಂದ ನನಗೆ ಅನ್ನ ಮೈಗೆ ಹತ್ತಲಿಲ್ಲ. ಕಂಪನಿಯವರು ಕಟ್ಟಿದ ವಿಮಾನ ಸಾವಿರ ಸಲ ಹಾರಿರುತ್ತದೆ. ಇದು ಒಂದು ಸಲವೂ ಹಾರಿಲ್ಲ. ಮೊದಲ ಸಲ ಯಾರಾದರೂ ಕೂರಲೇಬೇಕು, ಮತ್ತು ಆ ಯಾರಾದರೂ ನನ್ನ ಮೊಮ್ಮಗಳು! ಕಟ್ಟುವ ಕೆಲಸದಲ್ಲಿ ನಮ್ಮ ಮಗನ ಕೈಯೂ ಸೇರಿತ್ತು. ಅವನು ಬೆಸುಗೆ ಹಾಕಿದ ಟ್ರ್ಯಾಲಿಯ ಕೊಂಡಿ ಎಷ್ಟು ಸಲ ಮುರಿದು ಹೋಗಿದೆ ಎಂಬುದು ತಾಯಿಯಾದ ನನಗೆ ಗೊತ್ತಿಲ್ಲವೇ?

ಇದನ್ನು ಮಾಸ್ತರಿಗೆ ಒಮ್ಮೆ ಹೇಳಿಯೇಬಿಟ್ಟೆ. ಅವರು ನನ್ನನ್ನು ಶೆಡ್ಡಿಗೆ ಕರೆಸಿದರು. ಅವತ್ತು ರೆಕ್ಕೆಯನ್ನು ಬೋರಲು ಕಟ್ಟಿ, ಅದರ ಮೇಲೆ ಗೋವಿನಜೋಳದ ಚೀಲ ಹೇರುತ್ತಿದ್ದರು. ಚೀಲ ಬಂದದ್ದು ಚಿಕ್ಕೇರೂರಿನ ನಮ್ಮ ಬೀಗರ ಮನೆಯಿಂದ. ಆಕಾಶದಲ್ಲಿ ಗಾಳಿ ಎಷ್ಟು ಜಗ್ಗುತ್ತದೋ ಅದಕ್ಕಿಂತ ಹೆಚ್ಚು ಭಾರ ಇಲ್ಲೇ ಹೇರಿ ನೋಡುವುದಂತೆ. ಒಂದೊಂದು ಚೀಲ ಇಟ್ಟಾಗಲೂ ರೆಕ್ಕೆ ಕಿರ್ರೆಂದು ಬಾಗುತ್ತಿತ್ತು, ನಾನು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

"ಅಯ್ಯ, ಮುರದ್ರ ಏನ್ರಿ ಗತಿ?" ಎಂದೆ.

"ಇಲ್ಲೇ ಮುರೀಲಿ ಬಿಡ್ರಿ ಅಕ್ಕಾರ. ಇಲ್ಲಿ ಮುರದ್ರ ಗ್ವಾಂಜ್ವಾಳ ಚೆಲ್ತೈತಿ, ಅಷ್ಟ."

ಮುರಿಯಲಿಲ್ಲ. ಆದರೂ ಅವರು ನಗಲಿಲ್ಲ. ಚೀಲ ಇಳಿಸಿ ಮತ್ತೆ ಎಲ್ಲ ಮೊಳೆ ನೋಡಿದರು, ಕೈ ಹಿಂದೆ ಕಟ್ಟಿಕೊಂಡು.

ಅವರದು ಇನ್ನೊಂದು ಪದ್ಧತಿ. ಸಂಜೆ ಕೆಲಸ ನಿಲ್ಲಿಸುವಾಗ ಎಲ್ಲರೂ ಸುತ್ತ ಕೂರಬೇಕು, ಅವತ್ತು ತಾನು ಮಾಡಿದ ತಪ್ಪನ್ನು ತಾನೇ ಹೇಳಬೇಕು. ಯಾರು ಮೊದಲು ಹೇಳುತ್ತಾರೋ ಅವರಿಗೆ ಮೊದಲ ಚಹಾ. ಮಾಸ್ತರು ಅದನ್ನು ನೀಲಿ ರಟ್ಟಿನ ಒಂದು ವಹಿಯಲ್ಲಿ ಬರೆದಿಡುತ್ತಾರೆ. ಬೈಗುಳವಿಲ್ಲ, ಕೊಂಕಿಲ್ಲ. ಮಗ ಮೊದಮೊದಲು "ನಂದೇನೂ ತಪ್ಪಿಲ್ರಿ" ಎಂದು ಎದೆ ಉಬ್ಬಿಸುತ್ತಿದ್ದ. "ಹಂಗಾರ ನಿಮ್ಮದು ಕಡೀ ಚಾ" ಎನ್ನುತ್ತಿದ್ದರು. ವಾರದೊಳಗೆ ಅವನಿಗೂ ಬಿಸಿ ಚಹಾದ ರುಚಿ ಹತ್ತಿತು. ಒಂದು ದಿನ ನಾನು ತಮಾಷೆಗೆ, "ಇವತ್ತ ಚಾಕ್ಕ ಎರಡು ಸಲ ಸಕ್ಕರಿ ಹಾಕೇನಿ, ಬರಕೋರ್ರಿ" ಎಂದೆ. ಅವರು ಕನ್ನಡಕ ಏರಿಸಿ, ನಿಜವಾಗಿಯೂ ಬರೆದುಕೊಂಡರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸಕ್ಕರೆಯದಲ್ಲ.

ಎಲ್ಲ ಕಾಗದಪತ್ರ ಬಂದವು. ಸವಣೂರಿನ ಆಚೆ ಒಬ್ಬ ದೊಡ್ಡ ಹಿಡುವಳಿದಾರರ ಹೊಲದಲ್ಲಿ ಸಣ್ಣ ಕಲ್ಲಿನ ಗರಸು ಮಣ್ಣು ಹಾಕಿ ಬಡಿದ ಉದ್ದನೆಯ ಹಾದಿ ಇದೆ. ಹಿಂದೆ ಹತ್ತಿಗೆ ಔಷಧಿ ಹೊಡೆಯುವ ವಿಮಾನಕ್ಕೆಂದು ಮಾಡಿದ್ದಂತೆ. ವಿಮಾನವನ್ನು ಬಿಚ್ಚಿ ಅಲ್ಲಿಗೆ ಒಯ್ದು ಜೋಡಿಸಿದರು. ಎರಡು ವಾರ ನೆಲದ ಮೇಲೇ ಓಡಿಸಿದರು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹಾದಿಯ ನಡುವೆ ಮಾಸ್ತರು ಸುಣ್ಣದಿಂದ ಒಂದು ಬಿಳಿ ಗೆರೆ ಎಳೆಸಿದ್ದರು. ಆ ಗೆರೆ ಮುಟ್ಟುವುದರೊಳಗೆ ವೇಗದ ಮುಳ್ಳು ಇಂತಲ್ಲಿಗೆ ಬರಬೇಕು. ಬರದಿದ್ದರೆ ಯಾಕೆ, ಏನು ಎಂದು ಯೋಚಿಸುವಂತಿಲ್ಲ. ಇಂಜಿನ್ ವೇಗ ಇಳಿಸಿ ನಿಲ್ಲಿಸಿಬಿಡಬೇಕು. ಮುಂದೆ ಇನ್ನೂ ನಿಲ್ಲುವಷ್ಟು ಹಾದಿ ಇರುತ್ತದೆ.

ಹಾರುವ ದಿನ ಹತ್ತಿರ ಬಂದಾಗ ಮಗ ಊರಿಗೆಲ್ಲ ಹೇಳಿಬಂದಿದ್ದ. ಹಾನಗಲ್ಲಿನ ನನ್ನ ತವರಿನಿಂದ ಒಂದು ಟೆಂಪೋ ತುಂಬ ಜನ ಹೊರಡುವವರಿದ್ದರು. ಮಾಸ್ತರು ಎಲ್ಲರನ್ನೂ ನಿಲ್ಲಿಸಿದರು.

"ಮದವಿ ಅಲ್ರಿ ಇದು. ಮಂದಿ ಕೂಡಿದ್ರ ಹುಡುಗಿಗೆ 'ಇವತ್ತ ಬ್ಯಾಡ' ಅನ್ನಾಕ ನಾಚಿಕಿ ಬರ್ತೈತಿ. ಇವತ್ತ ಬ್ಯಾಡ ಅಂದವ್ರು ನಾಳೆ ಅನ್ನಾಕ ಜೀವಂತ ಇರ್ತಾರ."

ಮಗ, ಸೊಸೆ, ನಾನು, ಮಾಸ್ತರು, ನೀರಿನ ಟ್ಯಾಂಕರು, ಮರಳು ತುಂಬಿದ ನಾಲ್ಕು ಬಕೆಟ್ಟು. ಇಷ್ಟೇ. ಬೆಂಕಿ ಹತ್ತಿದರೆ ಇರಲಿ ಎಂದು ಇಟ್ಟ ಆ ಬಕೆಟ್ಟುಗಳಿಗೆ ನಾನು ಬೆನ್ನು ತಿರುಗಿಸಿ ನಿಂತೆ.

ಬೆಳಕು ಹರಿಯುವ ಹೊತ್ತಿಗೆ ವಿಮಾನದ ತಪಾಸಣೆ ಮುಗಿಸಿ ಉಳಿದವರು ಹಾದಿಯ ಮೇಲಿನ ಕಲ್ಲು ಆರಿಸಲು ಹೋದರು. ವಿಮಾನದ ಹತ್ತಿರ ನಾನೊಬ್ಬಳೇ. ಬಿತ್ತುವ ಮೊದಲು ನಮ್ಮ ಮನೆಯಲ್ಲಿ ಕೂರಿಗೆ ಪೂಜೆ ಮಾಡುತ್ತೇವೆ. ಕಾಳು ಇಳಿಯುವ ಕೊಳವೆಗಳ ಬಾಯಿಗೆ ವಿಭೂತಿ, ಅರಿಶಿಣ ಹಚ್ಚುವುದು ನನ್ನ ಅತ್ತೆಯ ಕಾಲದಿಂದ ಬಂದದ್ದು. ಬಾಯಿ ಒಳ್ಳೆಯದಾದರೆ ಬೆಳೆ ಒಳ್ಳೆಯದು ಎಂದು ನಂಬಿಕೆ. ಪೂಜೆಯಿಲ್ಲದೆ ಮಗುವನ್ನು ಆಕಾಶಕ್ಕೆ ಹೇಗೆ ಕಳಿಸಲಿ? ಚಕ್ರಕ್ಕೆ ಹಚ್ಚಿದೆ, ಮುಂದಿನ ಪಂಖಕ್ಕೆ ಹಚ್ಚಿದೆ. ರೆಕ್ಕೆಯ ಕೆಳಗೆ ಬೆರಳಿನಷ್ಟು ದಪ್ಪದ ಒಂದು ಕೊಳವೆ ಕಂಡಿತು, ಕೆಂಪು ಬಟ್ಟೆಯ ಟೊಪ್ಪಿಗೆ ಹಾಕಿದ್ದರು. ತೆಗೆದೆ, ನೆನೆಸಿದ ವಿಭೂತಿಯನ್ನು ಬಾಯಿ ತುಂಬ ಹಚ್ಚಿದೆ, ಟೊಪ್ಪಿಗೆಯನ್ನು ಇದ್ದಂತೆಯೇ ಹಾಕಿದೆ. ಹೊಟ್ಟೆಯ ಕೆಳಗೆ ಬಾಗಿದ ಇನ್ನೊಂದು ಸಣ್ಣ ಕೊಳವೆ ಇತ್ತು. ಅದಕ್ಕೂ ಹಚ್ಚಿದೆ. ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ಟರೆ ಚೆನ್ನಾಗಿರುವುದಿಲ್ಲವಲ್ಲ! ಚಕ್ರದ ಮೇಲೆ, ಪಂಖದ ಮೇಲೆ ವಿಭೂತಿ ನೋಡಿ ಮಾಸ್ತರು ಸುಮ್ಮನೆ ತಲೆದೂಗಿದರು. ಒಳಗೆ ಎಲ್ಲೆಲ್ಲಿ ಹೋಗಿದೆ ಎಂದು ಯಾರಿಗೆ ಗೊತ್ತು?

ಮೊಮ್ಮಗಳು ಕೊಳವೆಯ ಕೆಂಪು ಟೊಪ್ಪಿಗೆ ಕಿತ್ತಿಟ್ಟು ಬಂದು ಕೂತಳು. ಪಂಖ ತಿರುಗಿತು. ವಿಮಾನ ಧೂಳೆಬ್ಬಿಸಿ ಓಡಿತು. ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಬಿಳಿ ಗೆರೆ ಬಂತು, ಸದ್ದು ತಟ್ಟನೆ ಇಳಿಯಿತು. ವಿಮಾನ ಹಾದಿಯ ತುದಿಗೆ ಇನ್ನೂ ಸಾಕಷ್ಟು ದೂರ ಇರುವಾಗಲೇ ನಿಂತಿತು.

"ಮುಳ್ಳು ಏಳಲೇ ಇಲ್ರಿ ಸರ. ಸೊನ್ನಿ ಮ್ಯಾಲೇ ಕುಂತೈತಿ" ಎಂದಳು ಇಳಿದು ಬಂದ ಮೊಮ್ಮಗಳು.

"ಶಾಣ್ಯಾಕಿ" ಎಂದರು ಮಾಸ್ತರು. ಬ್ಯಾಟರಿ ಹಿಡಿದು ರೆಕ್ಕೆಯ ಕೆಳಗಿನ ಕೊಳವೆಯೊಳಗೆ ನೋಡಿದರು. ಆ ಕೊಳವೆಯ ಬಾಯಿಗೆ ಗಾಳಿ ಬಡಿದರೇ ಮುಳ್ಳಿಗೆ ವೇಗ ತಿಳಿಯುವುದಂತೆ. ಸಣ್ಣ ಕಡ್ಡಿ ಹಾಕಿ ಕೆದಕಿದರು, ಬೂದುಬಣ್ಣದ ಪುಡಿ ಉದುರಿತು. "ಕುಂಬಾರ ಹುಳದ ಕೆಲಸ. ಮಣ್ಣಿನ ಮನಿ ಕಟ್ಟೇತಿ" ಎಂದರು.

ಹುಳದ ಮೇಲೆ ಹೋಯಿತು! ನಾನು ಬದುಕಿದೆ. ಬಾಯಿ ಬಿಟ್ಟರೆ ಮಗ ಏನೆನ್ನುತ್ತಾನೆ? "ಮುದುಕಿ ನನ್ನ ಮಗಳನ್ನ ಕೊಲ್ತಿದ್ಲು" ಎಂದು ಸೊಸೆ ಮನಸ್ಸಿನಲ್ಲಾದರೂ ಅಂದುಕೊಳ್ಳುವುದಿಲ್ಲವೇ? ಕೊಳವೆ ಸ್ವಚ್ಛವಾಯಿತು, ಮುಗಿಯಿತು, ಇನ್ನೇಕೆ ಹೇಳಬೇಕು ಎಂದು ತುಟಿ ಹೊಲಿದುಕೊಂಡು ನಿಂತೆ.

ಆಗ ಮಾಸ್ತರು ಆಕಾಶ ನೋಡಿ, "ಗಾಳಿ ಇನ್ನೂ ತಣ್ಣಗೈತಿ. ಅರ್ಧ ತಾಸು ಸಿಗ್ತೈತಿ. ಇನ್ನೊಮ್ಮಿ ಹೋಗೂಣೇನು?" ಎಂದರು. ಮೊಮ್ಮಗಳು ಹತ್ತಿ ಕೂತು ಬೆಲ್ಟು ಬಿಗಿದಳು.

ನನ್ನ ಕಣ್ಣು ವಿಮಾನದ ಹೊಟ್ಟೆಯ ಕೆಳಗಿನ ಬಾಗಿದ ಕೊಳವೆಯ ಮೇಲೆ ಬಿತ್ತು. ಅದು ಯಾತಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಮೊದಲ ಕೊಳವೆಗೆ ಅಷ್ಟು ಕೆಲಸ ಇದೆಯೆಂದರೆ ಎರಡನೆಯದನ್ನು ಅಂದಕ್ಕೆ ಇಟ್ಟಿರಲಾರರು. ಸಂಜೆ ಚಹಾದ ಹೊತ್ತಿನಲ್ಲಿ ತಪ್ಪು ಹೇಳಿದ ಯಾರನ್ನಾದರೂ ಈ ಮನುಷ್ಯ ಒಮ್ಮೆಯಾದರೂ ಬೈದದ್ದು ಉಂಟೇ ಎಂದು ನೆನೆದೆ. ನೆನಪಾಗಲಿಲ್ಲ.

"ನಿಂದರ್ರಿ!" ಎಂದು ಕೂಗಿದೆ. "ಹುಳ ಅಲ್ರಿ ಅದು. ನಾನು! ನಾ ವಿಭೂತಿ ಹಚ್ಚೇನಿ!"

"ಅವ್ವಾ!" ಎಂದು ಮಗ ಮುಂದೆ ಬಂದ. ಮಾಸ್ತರು ಅವನ ಎದೆಗೆ ಕೈ ಅಡ್ಡ ಹಿಡಿದರು. ನನ್ನ ಹತ್ತಿರ ಬಂದು, ಕೂಸಿಗೆ ಕೇಳಿದಂತೆ ಕೇಳಿದರು.

"ಚಲೋ ಮಾಡಿದ್ರಿ ಹೇಳಿದ್ದು. ಎಲ್ಲೆಲ್ಲಿ ಹಚ್ಚೀರಿ, ತೋರಸ್ರಿ. ಸಾವಕಾಶ. ನೆನಪು ಮಾಡಕೊಂಡು."

ಚಕ್ರ ತೋರಿಸಿದೆ, ಪಂಖ ತೋರಿಸಿದೆ, ರೆಕ್ಕೆಯ ಕೊಳವೆ ತೋರಿಸಿದೆ. ಬಗ್ಗಿ ಹೊಟ್ಟೆಯ ಕೆಳಗಿನದನ್ನು ತೋರಿಸಿದಾಗ ಮಾಸ್ತರ ಮುಖದಲ್ಲಿ ರಕ್ತ ಉಳಿಯಲಿಲ್ಲ. ಗರಸಿನ ಮೇಲೆ ಹಾಗೇ ಕೂತುಬಿಟ್ಟರು.

ಅದು ಪೆಟ್ರೋಲ್ ಟಾಂಕಿ ಉಸಿರಾಡುವ ಕೊಳವೆ. ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದು ನಿಲ್ಲುತ್ತದಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕಲ್ಲ, ಹಾಗೆ. ನೆಲದ ಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡುತ್ತಿತ್ತು. ಮೇಲೆ ಹೋದ ಮೇಲೆ ನಿಲ್ಲುತ್ತಿತ್ತು. ಇದನ್ನು ಅವರು ನನಗೆ ಅವತ್ತು ಹೇಳಲಿಲ್ಲ. ನಾಲ್ಕು ದಿನ ಬಿಟ್ಟು, ನಾನು ಊಟ ಮಾಡಲು ಶುರು ಮಾಡಿದ ಮೇಲೆ ಹೇಳಿದರು.

ಅವತ್ತು ಮಾಡಿದ್ದು ಇಷ್ಟು: ಮೊಮ್ಮಗಳನ್ನು ಕೆಳಗಿಳಿಸಿದರು, ಥರ್ಮಾಸಿನಿಂದ ಚಹಾ ಬಗ್ಗಿಸಿ ಮೊದಲ ಲೋಟ ನನ್ನ ಕೈಗೆ ಕೊಟ್ಟರು. ಲೋಟ ಹಿಡಿಯಲು ಆಗಲಿಲ್ಲ, ಸೊಸೆ ಹಿಡಿದು ಕುಡಿಸಿದಳು. ನನ್ನನ್ನು ಕೊಲೆಗಾರ್ತಿ ಎನ್ನುತ್ತಾಳೆಂದು ನಾನು ಹೆದರಿದ್ದ ಸೊಸೆ! ಮಾಸ್ತರು ವಹಿ ತೆಗೆದು ಬರೆದರು. ನನ್ನ ಹೆಸರು ಬರೆಯುತ್ತಾರೆಂದುಕೊಂಡೆ. ಮೊಮ್ಮಗಳು ಓದಿ ಹೇಳಿದಳು. ಎರಡು ತಪ್ಪು, ಎರಡೂ ಅವರವೇ. ಪೂಜೆ ಎಲ್ಲಿ ಮಾಡಬೇಕೆಂದು ಅಕ್ಕನವರಿಗೆ ತೋರಿಸಿಕೊಡಲಿಲ್ಲ, ಇದು ಒಂದು. ಕಾರಣ ಪೂರ್ತಿ ತಿಳಿಯದೆ ಇನ್ನೊಮ್ಮೆ ಹೋಗೋಣವೆಂದು ಅವಸರ ಮಾಡಿದೆ, ಇದು ಇನ್ನೊಂದು.

"ಹನ್ನೊಂದು ವರ್ಷ ಕಾದಾಂವ ಅರ್ಧ ತಾಸು ಕಾಯಲಿಲ್ಲ ನೋಡ್ರಿ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಆಮೇಲೆ ಹದಿನೈದು ದಿನ ವಿಮಾನ ಅಲುಗಲಿಲ್ಲ. ಕೊಳವೆ ಎಲ್ಲ ಬಿಚ್ಚಿ, ತೊಳೆದು, ಊದಿ, ಒಣಗಿಸಿ, ಮತ್ತೆ ಹಾಕಿದರು. ಇನ್ನೆಂದೂ ಪೂಜೆಯ ಹೆಸರು ಎತ್ತಬಾರದೆಂದು ನಾನು ನಿಶ್ಚಯ ಮಾಡಿದ್ದೆ. ಆದರೆ ನಿನ್ನೆ ಬೆಳಿಗ್ಗೆ ಹಾದಿಯ ಹತ್ತಿರ ಹೋದಾಗ ಮುಂದಿನ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ದುಂಡನೆಯ ಗುರುತು ಇತ್ತು.

"ಬರ್ರಿ ಅಕ್ಕಾರ, ನಿಮ್ಮ ಜಾಗ ಇದು. ಪೂಜಿ ಮೊದಲು, ತಪಾಸಣಿ ಆಮ್ಯಾಲೆ. ಇನ್ಮ್ಯಾಲೆ ಹಿಂಗ" ಎಂದರು ಮಾಸ್ತರು.

ಆ ಗುರುತಿನೊಳಗೇ ವಿಭೂತಿ ಹಚ್ಚಿ, ಕೈ ಹಿಂದೆ ಕಟ್ಟಿಕೊಂಡು ದೂರ ಬಂದು ನಿಂತೆ. ಅವರು ಬ್ಯಾಟರಿ ಹಿಡಿದು ಒಂದೊಂದು ಕೊಳವೆಯ ಬಾಯಿಯನ್ನೂ ನೋಡಿದರು, ಮೊಮ್ಮಗಳು ನೋಡಿದಳು, ಮಗನಿಂದಲೂ ನೋಡಿಸಿದರು. ನನ್ನನ್ನು ಕೇಳಿದರು, "ಮತ್ತೇನರ ಐತೇನ್ರಿ ಹೇಳೂದು?" ಇಲ್ಲ ಎಂದೆ. ಇಲ್ಲ ಎನ್ನುವ ಮೊದಲು ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ತಡಕಾಡಿ ನೋಡಿದೆ.

ವಿಮಾನ ಓಡಿತು. ಬಿಳಿ ಗೆರೆ ದಾಟಿತು. ಸದ್ದು ಇಳಿಯಲಿಲ್ಲ. ನೆಲ ಬಿಟ್ಟಿತು!

ಆ ಇಪ್ಪತ್ತೆರಡು ನಿಮಿಷ ನನ್ನನ್ನು ಏನೂ ಕೇಳಬೇಡಿ. ಮೇಲೆ ನೋಡುವ ಧೈರ್ಯ ಇರಲಿಲ್ಲ. ಅವಳು ದೂರ ಹೋಗದೆ, ಹಾದಿಯ ನೆತ್ತಿಯ ಮೇಲೇ ಸುತ್ತು ಹಾಕುತ್ತಿದ್ದಳು. ಇಂಜಿನ್ ನಿಂತರೂ ಜಾರಿಕೊಂಡು ಇಲ್ಲೇ ಇಳಿಯಬೇಕೆಂದು ಹಾಗಂತೆ. ನಾನು ಮಾಸ್ತರ ಹಿಂದೆ ನಿಂತು ಅವರ ಬೆನ್ನ ಮೇಲಿನ ಕೈಗಳನ್ನೇ ನೋಡುತ್ತಿದ್ದೆ. ಮಣಿಕಟ್ಟು ಹಿಡಿದ ಬೆರಳುಗಳ ಉಗುರು ಬಿಳಿಚಿಕೊಂಡಿದ್ದವು. ಇಂಜಿನ್ ಸದ್ದು ಸ್ವಲ್ಪ ಬದಲಾದರೂ ಆ ಬೆರಳು ಇನ್ನಷ್ಟು ಬಿಗಿಯುತ್ತಿದ್ದವು. ನನಗಷ್ಟೇ ಭಯ, ಅವರು ಕಲ್ಲು ಎಂದುಕೊಂಡಿದ್ದೆ ಇಷ್ಟು ವರ್ಷ. ಇಬ್ಬರದೂ ಒಂದೇ ಎಂದು ಗೊತ್ತಾದಾಗ ನನಗೆ ಸ್ವಲ್ಪ ಉಸಿರು ಬಂತು.

ಜೇಬಿನ ವಾಕಿಟಾಕಿಯಲ್ಲಿ ಅವಳ ದನಿ ಬಂತು, "ಇಳೀತೇನ್ರಿ ಸರ." ಮಾಸ್ತರು ಒಂದು ಕೈ ಬಿಡಿಸಿ, ವಾಕಿಟಾಕಿ ತೆಗೆದು, "ಹೂಂ, ಬಾ ಮಗಳ" ಎಂದರು, ಮತ್ತೆ ಕೈ ಹಿಂದಕ್ಕೆ ಕಟ್ಟಿದರು. ವಿಮಾನ ಒಮ್ಮೆ ಪುಟಿಯಿತು, ಇನ್ನೊಮ್ಮೆ ಪುಟಿಯಿತು, ಆಮೇಲೆ ನೆಲ ಹಿಡಿಯಿತು. ಪಂಖ ಪೂರ್ತಿ ನಿಲ್ಲುವವರೆಗೆ ಅವರು ಯಾರನ್ನೂ ಬಿಡಲಿಲ್ಲ. ನಿಂತ ಮೇಲೆ, "ಈಗ ಹೋಗ್ರಿ" ಎಂದರು. ನಾನು ಓಡಿದೆ. ಈ ಮೊಣಕಾಲಿನಲ್ಲಿ ಓಡಿದೆ!

ಅವತ್ತು ಅವರು ಒಂದು ಮಾತು ಗದರಿದ್ದರೆ, ಅದಕ್ಕೂ ಹಿಂದಿನ ಅಷ್ಟು ಸಂಜೆಗಳಲ್ಲಿ ಯಾರನ್ನಾದರೂ ಒಮ್ಮೆ ಹಂಗಿಸಿದ್ದರೆ, ನಾನು ಬಾಯಿ ಬಿಡುತ್ತಿರಲಿಲ್ಲ. ಇದು ನನಗೆ ಗೊತ್ತು. ನಮ್ಮ ಮನೆ ಇವತ್ತು ಮನೆಯಾಗಿ ಉಳಿದಿರುವುದು ಅದರಿಂದ. ಇದನ್ನು ಅವರಿಗೆ ಹೇಳಲು ಹೋದರೆ, "ಚಾ ಆರತೈತಿ, ಕುಡೀರಿ" ಎನ್ನುತ್ತಾರೆ. ಅದಕ್ಕೇ ಬರೆದೆ.

ನಿನ್ನೆ ಸಂಜೆ ಮಾಸ್ತರನ್ನೂ ಅವರ ತಂಗಿಯನ್ನೂ ದುಂಡಸಿಗೆ, ನಮ್ಮ ಮನೆಗೆ ಕರೆತಂದೆವು. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ, ಮೇಲೆ ತುಪ್ಪ. ಮಗ ವಿಮಾನ ಎರಡು ಸಲ ಪುಟಿದದ್ದನ್ನು ಕೈಯಲ್ಲಿ ಮಾಡಿ ತೋರಿಸುತ್ತ, ಸಾರು ಚೆಲ್ಲಿ ಹೆಂಡತಿಯಿಂದ ಬೈಸಿಕೊಂಡ. ನಗೆ ಏನು, ಗದ್ದಲ ಏನು! ಆ ಗದ್ದಲದ ನಡುವೆಯೇ ಮೊಮ್ಮಗಳು ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು, ಕೈಯಲ್ಲಿ ಹೋಳಿಗೆಯ ತುಂಡು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಸೊಸೆ ಎಬ್ಬಿಸಲು ಹೋದಳು.

"ಇರ್ಲಿ ಬಿಡವಾ, ಮಲಗ್ಲಿ" ಎಂದರು ಮಾಸ್ತರು ದನಿ ತಗ್ಗಿಸಿ. "ಇವತ್ತಿಗೆ ಆಕಿ ಕೆಲಸ ಮುಗೀತು."

ನಾನು ಅವಳ ಬೆರಳು ಬಿಡಿಸಿ ತುಂಡನ್ನು ತಾಟಿನಲ್ಲಿಟ್ಟೆ, ಕೈಯನ್ನು ನನ್ನ ಸೆರಗಿನಿಂದ ಒರೆಸಿದೆ. ಕೈ ಬೆಚ್ಚಗಿತ್ತು. ಬೆಳಗಿನಿಂದ ನಾನೇನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಹೊಟ್ಟೆ ಕೂಗಿಕೊಂಡಿತು, ಎಷ್ಟೋ ವರ್ಷದ ಹಸಿವು ಒಮ್ಮೆಲೇ ಎದ್ದಂತೆ.

"ನನಗೂ ಒಂದು ಹೋಳಿಗಿ ಹಾಕವಾ" ಎಂದೆ ಸೊಸೆಗೆ. "ಒಂದಲ್ಲ, ಎರಡು ಹಾಕು."